ಜೀವನಾಂಶಕ್ಕೆಂದು ಮಾಡಿದ ಆಲ್ಬಂ

(ಸಂಗೀತಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹಾಡು ಕೇಳಿಸಿದ ಕಡೆಗಳಲ್ಲಿ ಓದುಗರಿಗೆಂದು ಒಂದೆರಡು ಸಾಲು ವಿವರಣೆ ಸೇರಿಸಿದ್ದೇನೆ.)

ಸ್ನೇಹಿತರೇ,

1977ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ವಿಚ್ಛೇದನದ ವ್ಯಾಜ್ಯ ಇತ್ಯರ್ಥವಾಯಿತು. ಗಂಡ ಮಾರ್ವಿನ್ ಗೇ, ಅಮೆರಿಕದ ಸೋಲ್ ಸಂಗೀತದ ಅತಿ ದೊಡ್ಡ ಹೆಸರುಗಳಲ್ಲೊಂದು. ಹೆಂಡತಿ ಆ್ಯನಾ ಗೋರ್ಡಿ, ಅವನಿಗಿಂತ ಹದಿನೇಳು ವರ್ಷ ದೊಡ್ಡವಳು. ಗಂಡನ ಸಂಪಾದನೆಗೆ ಕೊರತೆ ಇರಲಿಲ್ಲ, ಆದರೆ ಬಂದದ್ದು ಬಂದ ಹಾಗೆಯೇ ಹೋಗುತ್ತಿತ್ತು, ಸಾಲ ಬೆಳೆದಿತ್ತು. ಕೈಯಲ್ಲಿ ಕಾಸಿಲ್ಲದವನಿಂದ ಜೀವನಾಂಶ ವಸೂಲು ಮಾಡುವುದು ಹೇಗೆ? ಮಾರ್ವಿನ್‌ನ ವಕೀಲ ಕರ್ಟಿಸ್ ಶಾ ಅವರೇ ಒಂದು ದಾರಿ ಸೂಚಿಸಿದರು. ಇವನು ಮಾಡಲಿರುವ ಮುಂದಿನ ಆಲ್ಬಂನ ಹಣದಲ್ಲಿ ಆ್ಯನಾಗೆ ಪಾಲು ಕೊಡುವುದು. ಒಟ್ಟು 6 ಲಕ್ಷ ಡಾಲರ್. ಅದರಲ್ಲಿ 3,05,000 ಡಾಲರ್ ಕಂಪನಿ ಕೊಡುವ ಮುಂಗಡದಿಂದ, ಉಳಿದ 2,95,000 ಮಾರಾಟದ ಗಳಿಕೆಯಿಂದ. ಇನ್ನೂ ಒಂದು ಸ್ವರವೂ ಹುಟ್ಟಿರದ ಹಾಡುಗಳು ಆಗಲೇ ಅಡವಾಗಿ ಹೋದವು.

ಆ ಹಾಡುಗಳು 1978ರ ಡಿಸೆಂಬರ್‌ನಲ್ಲಿ ‘ಹಿಯರ್, ಮೈ ಡಿಯರ್’ ಎಂಬ ಹೆಸರಿನಲ್ಲಿ, ಎರಡು ಗ್ರಾಮಫೋನ್ ತಟ್ಟೆಗಳ ಆಲ್ಬಂ ಆಗಿ ಹೊರಬಂದವು. ಇವತ್ತಿನ ನನ್ನ ಮಾತು ಅದರ ಬಗ್ಗೆ.

ಕಥೆಯ ಸ್ವಾರಸ್ಯ ಪೂರ್ತಿ ತಿಳಿಯಬೇಕಾದರೆ ಗೋರ್ಡಿಗಳ ಮನೆತನವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು. ಆ್ಯನಾಳ ತಮ್ಮ ಬೆರಿ ಗೋರ್ಡಿ. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಟ್ಯಾಮ್ಲಾ ಎಂಬ ರೆಕಾರ್ಡ್ ಕಂಪನಿ ಕಟ್ಟಿದವರು. ಅದೇ ಬೆಳೆದು ಮೋಟೌನ್ ಆಯಿತು. ಆದರೆ ತಮ್ಮನ ಹೆಸರು ಊರೆಲ್ಲ ಹರಡುವ ಮೊದಲೇ ಆ್ಯನಾ ಕೂಡ ಇದೇ ವ್ಯವಹಾರದಲ್ಲಿದ್ದಳು. ಅವಳೂ ಅವಳ ತಂಗಿ ಗ್ವೆನ್ ಕೂಡಿ ನಡೆಸಿದ ‘ಆ್ಯನಾ ರೆಕಾರ್ಡ್ಸ್’ ಕಂಪನಿಯೇ ಮೋಟೌನ್‌ನ ಮೊದಲ ದೊಡ್ಡ ಯಶಸ್ಸಾದ ಬ್ಯಾರೆಟ್ ಸ್ಟ್ರಾಂಗ್‌ನ ಹಾಡನ್ನು ದೇಶವಿಡೀ ಹಂಚಿತು. ಆ ಹಾಡಿನ ಹೆಸರು ‘ಮನಿ’. ಹಾಗಾಗಿ ಆ್ಯನಾಳನ್ನು ತಾರೆಯ ಹೆಂಡತಿ ಎಂದಷ್ಟೇ ಗುರುತಿಸುವವರನ್ನು ಕಂಡರೆ ನನಗೆ ಬೇಸರ. ಅವಳು ರೆಕಾರ್ಡ್ ವ್ಯಾಪಾರ ಬಲ್ಲವಳು, ಹಾಡು ಬರೆದವಳು. ‘ದಿ ಒರಿಜಿನಲ್ಸ್’ ತಂಡದ ‘ಬೇಬಿ, ಐ ಆ್ಯಮ್ ಫಾರ್ ರಿಯಲ್’ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದೆ. ಮಾರ್ವಿನ್‌ನ 1971ರ ಮೇರುಕೃತಿ ‘ವಾಟ್ಸ್ ಗೋಯಿಂಗ್ ಆನ್’ನ ಹಾಡುಗಳಲ್ಲೂ ಅವಳ ಪಾಲಿದೆ. ಈಗ ನೋಡಿ: ಟ್ಯಾಮ್ಲಾ ಲೇಬಲ್‌ನಲ್ಲಿ ಬರುವ ಆಲ್ಬಂ, ಮುಂಗಡ ಕೊಡುವವನು ತಮ್ಮ, ಪಡೆಯುವವಳು ಅಕ್ಕ, ನಡುವೆ ನಿಂತು ಹಾಡಬೇಕಾದವನು ಭಾವ.

ಇನ್ನು ಕಾಲ. ಅದು ಡಿಸ್ಕೋ ಉಚ್ಛ್ರಾಯದಲ್ಲಿದ್ದ ಕಾಲ. 1977ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ‘ಸ್ಟುಡಿಯೋ 54’ ಎಂಬ ಡಿಸ್ಕೋ ಕ್ಲಬ್ ಬಾಗಿಲು ತೆರೆಯಿತು; ವರ್ಷದ ಕೊನೆಗೆ ‘ಸ್ಯಾಟರ್‌ಡೇ ನೈಟ್ ಫೀವರ್’ ಚಿತ್ರ ಬಂದು ಅದರ ನಾಯಕನ ಬಿಳಿ ಸೂಟು ಜಗತ್ಪ್ರಸಿದ್ಧವಾಯಿತು. ರೋಲಿಂಗ್ ಸ್ಟೋನ್ಸ್, ರಾಡ್ ಸ್ಟೀವರ್ಟ್‌ರಂಥ ರಾಕ್ ಕಲಾವಿದರೂ 1978ರಲ್ಲಿ ಡಿಸ್ಕೋ ತಾಳಕ್ಕೆ ಇಳಿದರು. ಡಿಸ್ಕೋ ನಮಗೆ ತೀರಾ ದೂರದ ಸಂಗತಿಯೂ ಅಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಬಿದ್ದು ಅಪ್ಪಯ್ಯ ಲಂಡನ್ನಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್‌ನಿಂದ ‘ಕುಂಗ್ ಫೂ ಫೈಟಿಂಗ್’ ಹಾಡಿಸಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಮೊದಲ ಸ್ಥಾನ ಗಿಟ್ಟಿಸಿದ್ದರು. ಅದು ಇನ್ನೊಂದು ಉಪನ್ಯಾಸದ ವಿಷಯ, ಇಲ್ಲಿಗೇ ಬಿಡುತ್ತೇನೆ.

ಮೋಟೌನ್‌ಗೂ ಮಾರ್ವಿನ್‌ನಿಂದ ಒಂದು ಡಿಸ್ಕೋ ಹಾಡು ಬೇಕಿತ್ತು. ಅವನಿಗೆ ಆ ಸಂಗೀತದ ಬಗ್ಗೆ ಅಂಥ ಗೌರವ ಇರಲಿಲ್ಲ. ಜಾನಿ ಟೇಲರ್‌ನ ‘ಡಿಸ್ಕೋ ಲೇಡಿ’ಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅರ್ಧ ಅಣಕವಾಗಿ ಒಂದು ಹಾಡು ಮಾಡಿದ. ಹಾಲಿವುಡ್‌ನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿದ್ದ ಅವನ ಸ್ವಂತ ಸ್ಟುಡಿಯೋದಲ್ಲಿ, ಎಂಜಿನಿಯರ್ ಆರ್ಟ್ ಸ್ಟೀವರ್ಟ್ ಜತೆ ಕೂತು ಮಾಡಿದ್ದು. ಅರ್ಧ ತುಂಬಿದ ಹಣ್ಣಿನ ರಸದ ಬಾಟಲಿಯನ್ನು ಬಡಿದು ತಾಳ ಹಾಕಿದ. ಗೆಳೆಯರನ್ನು ಕರೆಸಿ, ಪಾರ್ಟಿಯಲ್ಲಿ ಜನ ಮಾತನಾಡುವಂತೆ ಗದ್ದಲ ಮಾಡಿಸಿ ಅದನ್ನೂ ಸೇರಿಸಿದ. ಹಾಡುವವನು ನಾಚಿಕೆಯಿಂದ ಗೋಡೆಗಂಟಿ ನಿಂತವನು, ಆಮೇಲೆ ಮೆಲ್ಲಗೆ ಕುಣಿತಕ್ಕೆ ಇಳಿಯುತ್ತಾನೆ. ಅದೇ ‘ಗಾಟ್ ಟು ಗಿವ್ ಇಟ್ ಅಪ್’. 1977ರ ಜೂನ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು.

ಅಂದರೆ ಜೀವನಾಂಶದ ಆಲ್ಬಂ ಮಾಡಲು ಕುಳಿತಾಗ ಮಾರ್ವಿನ್‌ಗೆ ಹಣ ಬರುವ ದಾರಿ ಗೊತ್ತಿತ್ತು. ಅದೇ ಸ್ಟುಡಿಯೋ, ಅದೇ ಎಂಜಿನಿಯರ್. ಇನ್ನು ನಾಲ್ಕು ಕುಣಿತದ ಹಾಡು ಮಾಡಿಬಿಟ್ಟಿದ್ದರೆ ಆ್ಯನಾಳ ಬಾಕಿಯೂ ತೀರುತ್ತಿತ್ತು, ತನಗೂ ಒಂದಿಷ್ಟು ಉಳಿಯುತ್ತಿತ್ತು. ಮೊದಲಿಗೆ ಅವನ ಲೆಕ್ಕ ಇನ್ನೂ ಸಣ್ಣದಾಗಿತ್ತು. ಹಣ ಹೋಗುವುದು ಅವಳಿಗೆ, ನಾನೇಕೆ ಮೈಮುರಿದು ದುಡಿಯಬೇಕು, ಏನೋ ಒಂದು ಕಾಟಾಚಾರಕ್ಕೆ ಮಾಡಿ ಕೊಟ್ಟರಾಯಿತು ಎಂದುಕೊಂಡಿದ್ದನಂತೆ. ಇದನ್ನು ಅವನೇ ಆಮೇಲೆ ತನ್ನ ಜೀವನಚರಿತ್ರೆ ಬರೆದ ಡೇವಿಡ್ ರಿಟ್ಜ್ ಅವರ ಬಳಿ ಹೇಳಿಕೊಂಡ. ಆದರೆ ಮೈಕಿನ ಮುಂದೆ ಕುಳಿತ ಮೇಲೆ ಒಳಗಿದ್ದದ್ದೆಲ್ಲ ಹೊರಗೆ ಬರತೊಡಗಿತು. ತಿಂಗಳುಗಟ್ಟಲೆ ಹಾಡಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವಲ್ಲ, ಈ ಜಗಳ ಒಂದು ಗಂಟೆಗೂ ಮೀರಿ, ತಟ್ಟೆಯ ನಾಲ್ಕು ಬದಿಗಳ ತುಂಬ ಹರಡಿತು.

ಈ ಆಲ್ಬಂ ಅನ್ನು ಸಾಮಾನ್ಯವಾಗಿ ವಿರಹದ ಆಲ್ಬಂ ಎಂದು ಕರೆಯುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಇದು ಒಬ್ಬ ಕಕ್ಷಿದಾರ ಕಟಕಟೆಯಲ್ಲಿ ನಿಂತು ಕೊಟ್ಟ ಹೇಳಿಕೆ. ಹೆಜ್ಜೆ ಹೆಜ್ಜೆಗೂ ತನ್ನ ಪರ ವಾದಿಸುತ್ತಾನೆ, ಹೆಜ್ಜೆ ಹೆಜ್ಜೆಗೂ ತನ್ನ ಮಾತಿನಲ್ಲೇ ಸಿಕ್ಕಿಬೀಳುತ್ತಾನೆ. ತನ್ನ ಕೇಸನ್ನು ತಾನೇ ಸೋಲುವ ಈ ಗುಣದಿಂದಲೇ ಇದು ದೊಡ್ಡ ಕೃತಿ ಎಂಬುದು ನನ್ನ ವಾದ.

ಮೊದಲ ಹಾಡನ್ನೇ ಕೇಳಿ. (ಇಲ್ಲಿ ಆಲ್ಬಂನ ಶೀರ್ಷಿಕೆ ಗೀತೆಯ ಮೊದಲ ನಿಮಿಷ ಕೇಳಿಸಲಾಯಿತು.) ಹಾಡು ಶುರುವಾಗುವುದು ಮಾತಿನಿಂದ. ಈ ಆಲ್ಬಂ ನಿನಗೇ ಅರ್ಪಣೆ ಎನ್ನಬೇಕಾಗುತ್ತದೆ, ನಿನಗೆ ಬೇಕಾದದ್ದು ಇದೇ ತಾನೆ, ಒಪ್ಪಿಕೊಂಡಿದ್ದೇನೆ ಎಂಬ ಧಾಟಿ. ದನಿ ಮೆತ್ತಗಿದೆ, ಹಿಂದೆ ವಾದ್ಯಗಳು ಮಲಗುವ ಕೋಣೆಯ ಹಾಡಿಗೆ ನುಡಿಯುವಂತೆ ನುಡಿಯುತ್ತಿವೆ. ಮಾತು ಕೇಳದೆ ಸಂಗೀತ ಮಾತ್ರ ಕೇಳಿದರೆ ಪ್ರೇಮಗೀತೆ ಎಂದೇ ಭಾವಿಸಬೇಕು. ಮುಂದೆ ಹೋದಂತೆ ಮಗನನ್ನು ಮುಂದಿಟ್ಟುಕೊಂಡು ನನ್ನನ್ನು ಹದ್ದುಬಸ್ತಿನಲ್ಲಿಡಲು ನಿನಗೆ ಹಕ್ಕಿಲ್ಲ ಎಂಬ ಆಕ್ಷೇಪ ಬರುತ್ತದೆ. ಅದೂ ಅದೇ ಮೆತ್ತನೆಯ ದನಿಯಲ್ಲಿ.

ಎರಡನೆಯ ಹಾಡು ‘ಐ ಮೆಟ್ ಎ ಲಿಟ್ಲ್ ಗರ್ಲ್’. ಇಲ್ಲಿ ಮಾರ್ವಿನ್ ತನ್ನ ಹುಡುಗುತನದ ಡೂ-ವಾಪ್ ಶೈಲಿಗೆ ಹಿಂದಿರುಗುತ್ತಾನೆ. ಬೀದಿ ಮೂಲೆಯಲ್ಲಿ ನಾಲ್ಕೈದು ಹುಡುಗರು ನಿಂತು ಹಾಡುತ್ತಿದ್ದ ಶೈಲಿ ಅದು. ಅಷ್ಟೂ ಹುಡುಗರು ಇಲ್ಲಿ ಅವನೊಬ್ಬನೇ.

ಈ ಒಂದು ಸಂಗತಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ‘ವಾಟ್ಸ್ ಗೋಯಿಂಗ್ ಆನ್’ ಮುದ್ರಿಸುವಾಗ ಮಾರ್ವಿನ್ ಒಂದೇ ಹಾಡಿನ ಮುಖ್ಯ ಗಾಯನವನ್ನು ಎರಡು ಬಗೆಯಲ್ಲಿ ಹಾಡಿದ್ದ. ಯಾವುದು ಚೆನ್ನಾಗಿದೆ ಎಂದು ಹೋಲಿಸಿ ಆರಿಸಲು. ಎಂಜಿನಿಯರ್ ಎರಡನ್ನೂ ಒಟ್ಟಿಗೇ ನುಡಿಸಿಬಿಟ್ಟರು. ಅಕಸ್ಮಾತ್ ಕೇಳಿಸಿದ ಆ ಜೋಡಿ ದನಿ ಅವನಿಗೆ ಎಷ್ಟು ಹಿಡಿಸಿತೆಂದರೆ, ಅಲ್ಲಿಂದಾಚೆಗೆ ತನ್ನ ಮೇಲೆ ತಾನೇ ಹಾಡುವುದು ಅವನ ಪದ್ಧತಿಯೇ ಆಯಿತು. ಒಂದು ಎದೆಯ ದನಿ, ಒಂದು ತೆಳುವಾದ ಮೇಲಿನ ದನಿ, ಇನ್ನೊಂದು ಒರಟು ಕೂಗು. ಹಿಂದಿನ ಆಲ್ಬಂಗಳಲ್ಲಿ ಇವು ಒಂದಕ್ಕೊಂದು ಆಸರೆಯಾಗಿದ್ದವು. ಈ ಆಲ್ಬಂನಲ್ಲಿ ಪಾಟೀಸವಾಲಿಗೆ ಇಳಿಯುತ್ತವೆ. ಮುಂದಿನ ದನಿ ಆ್ಯನಾಳ ಮೇಲೆ ಆರೋಪ ಹೊರಿಸುತ್ತಿದ್ದರೆ, ಹಿಂದಿನ ದನಿ ನಿಟ್ಟುಸಿರು ಬಿಡುತ್ತದೆ, ಕೆಲವೊಮ್ಮೆ ನಗುತ್ತದೆ. ಆ್ಯನಾಳಿಗೆ ಈ ಆಲ್ಬಂನಲ್ಲಿ ದನಿಯೇ ಇಲ್ಲ. ಆದರೆ ಮಾರ್ವಿನ್‌ನ ಮಾತನ್ನು ಮಾರ್ವಿನ್ ಪೂರ್ತಿ ನಂಬುತ್ತಿಲ್ಲ ಎಂಬುದು ಆ ಹಿಂದಿನ ದನಿಗಳಿಂದ ತಿಳಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇದು ಸ್ಪಷ್ಟ. ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲಿ ದಯವಿಟ್ಟು ಕೇಳಬೇಡಿ.

ಆಲ್ಬಂನ ಕೇಂದ್ರ ‘ವೆನ್ ಡಿಡ್ ಯು ಸ್ಟಾಪ್ ಲವಿಂಗ್ ಮಿ, ವೆನ್ ಡಿಡ್ ಐ ಸ್ಟಾಪ್ ಲವಿಂಗ್ ಯು’. ಆರು ನಿಮಿಷ ದಾಟುವ ಹಾಡು. ಇದಕ್ಕೆ ನಾವು ಪಲ್ಲವಿ ಎನ್ನುವಂಥದ್ದು ಇಲ್ಲ. ಜನಪ್ರಿಯ ಗೀತೆಯಲ್ಲಿ ಪಲ್ಲವಿಗೆ ಮರಳಿದಾಗ ಕೇಳುಗನಿಗೊಂದು ನೆಮ್ಮದಿ. ಚರಣದಲ್ಲಿ ಎಷ್ಟೇ ಅಲೆದರೂ ಮನೆಗೆ ಬಂದ ಹಾಗೆ. ಇಲ್ಲಿ ಆ ಮನೆ ಇಲ್ಲ. ಡ್ರಮ್, ಬಾಸ್, ಗಿಟಾರ್ ಒಂದೇ ಹದದಲ್ಲಿ ಸುತ್ತುತ್ತಿರುತ್ತವೆ, ಅದರ ಮೇಲೆ ಅವನು ಒಂದು ನೆನಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ದೂರಿಗೆ, ದೂರಿನಿಂದ ಪ್ರಾರ್ಥನೆಗೆ ಸರಿಯುತ್ತ ಹೋಗುತ್ತಾನೆ. ಮದುವೆಯಲ್ಲಿ ದೇವರ ಮುಂದೆ ಇಟ್ಟ ಆಣೆಯನ್ನು ಪಾಲಿಸದಿದ್ದರೆ ದೇವರಿಗೇ ಸುಳ್ಳು ಹೇಳಿದ ಹಾಗಲ್ಲವೆ ಎಂದು ಕೇಳುತ್ತಾನೆ. ಪ್ರಶ್ನೆ ಆ್ಯನಾಳಿಗೆ. ಆದರೆ ಆ ಆಣೆ ಮುರಿದವನು ಯಾರು? ವಿಚ್ಛೇದನದ ಅರ್ಜಿ ಬೀಳುವ ಹೊತ್ತಿಗೆ ಮಾರ್ವಿನ್‌ಗೆ ಜ್ಯಾನಿಸ್ ಹಂಟರ್ ಜತೆ ಇಬ್ಬರು ಮಕ್ಕಳಿದ್ದರು. 1973ರಲ್ಲಿ ಭೇಟಿಯಾದಾಗ ಅವಳಿಗೆ ಹದಿನೇಳು ವರ್ಷ. ಕೇಳುಗನಿಗೆ ಇದು ಗೊತ್ತು. ತನಗೂ ಗೊತ್ತಿದೆ ಎಂಬುದನ್ನು ಮಾರ್ವಿನ್ ಮುಚ್ಚಿಡುವುದೂ ಇಲ್ಲ. ಶೀರ್ಷಿಕೆಯಲ್ಲೇ ಎರಡು ಪ್ರಶ್ನೆಗಳಿವೆ, ಎರಡನೆಯದು ತನಗೇ ಹಾಕಿಕೊಂಡದ್ದು.

‘ಆ್ಯಂಗರ್’ ಹಾಡಿನಲ್ಲಿ ಕೋಪ ಮನುಷ್ಯನನ್ನು ಹೇಗೆ ಹಾಳುಮಾಡುತ್ತದೆ ಎಂದು ಪ್ರವಚನ. ಬಿಗಿಯಾದ ಫಂಕ್ ತಾಳ. ಹೇಳುವ ಮಾತು ಶಾಂತಿಯದು, ಹೇಳುವವನ ಹಲ್ಲು ಕಚ್ಚಿದೆ.

ಅದರ ಮುಂದಿನದು ‘ಈಸ್ ದಟ್ ಇನಫ್’. ನೇರ ಹಣದ ಮಾತು. ಅವಳು ಈವರೆಗೆ ರೂಢಿಸಿಕೊಂಡ ಮಟ್ಟದಲ್ಲೇ ಬದುಕಬೇಕೆಂದು ನ್ಯಾಯಾಧೀಶರು ಹೇಳಿದರು ಎಂದು ಹಾಡುತ್ತಾನೆ. ಕೋರ್ಟಿನ ಭಾಷೆಯನ್ನು ಹೀಗೆ ಎತ್ತಿ ತಂದು ಸೋಲ್ ಹಾಡಿನೊಳಗೆ ಇಡಲು ಎದೆಗಾರಿಕೆ ಬೇಕು. ಆಲ್ಬಂನಲ್ಲೊಂದು ಕಡೆ, ವಕೀಲರ ಫೀಸನ್ನೂ ನಾನೇ ಏಕೆ ಕೊಡಬೇಕು ಎಂಬ ಗೊಣಗಾಟವೂ ಬರುತ್ತದೆ. ನನಗೆ ಪ್ರತಿ ಸಲವೂ ನಗು ಬರುತ್ತದೆ. ಮಾರ್ವಿನ್‌ಗೂ ಅದು ನಗೆಪಾಟಲೆಂದು ತಿಳಿದಿತ್ತು ಎಂದೇ ನನ್ನ ನಂಬಿಕೆ.

ಮೊದಲ ತಟ್ಟೆಯ ಕೊನೆಗೆ ಬಂದರೆ ಕಟಕಟೆ ಬದಲಾಗಿಬಿಡುತ್ತದೆ. ‘ಟೈಮ್ ಟು ಗೆಟ್ ಇಟ್ ಟುಗೆದರ್’ನಲ್ಲಿ ಕೊಕೇನ್ ಸೇದಿದ್ದು, ರಾತ್ರಿಗಳಲ್ಲಿ ಹೆಣ್ಣುಗಳ ಹಿಂದೆ ಅಲೆದದ್ದು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಯಾವ ವಕೀಲನೂ ತನ್ನ ಕಕ್ಷಿದಾರನಿಗೆ ಹೀಗೆ ಬಾಯಿಬಿಡಲು ಹೇಳಲಾರ. ಮುಂದೆ ‘ಆ್ಯನಾಸ್ ಸಾಂಗ್’ನಲ್ಲಿ ವಾದವೇ ನಿಂತುಹೋಗುತ್ತದೆ. ಹಳೆಯ ಸುಖದ ಚಿತ್ರಗಳ ನಡುವೆ ಒಮ್ಮೆ ಅವಳ ಹೆಸರನ್ನು ಹಿಡಿದು ಕೂಗುತ್ತಾನೆ. (ಕೇಳಿಸಲಾಯಿತು.) ಅದರಲ್ಲಿ ಬೇಡಿಕೆ ಎಷ್ಟು, ಸಿಟ್ಟು ಎಷ್ಟು ಎಂದು ಬಿಡಿಸಿ ಹೇಳಲು ಬಹಳ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ.

ಆಮೇಲೆ ಎಲ್ಲರನ್ನೂ ತಬ್ಬಿಬ್ಬುಗೊಳಿಸುವ ‘ಎ ಫಂಕಿ ಸ್ಪೇಸ್ ರೀಇನ್‌ಕಾರ್ನೇಶನ್’. ಎಂಟು ನಿಮಿಷ. ‘ಸ್ಟಾರ್ ವಾರ್ಸ್’ ಬಂದ ವರ್ಷ ಮಾಡಿದ ಹಾಡು. ಮಾರ್ವಿನ್ ಬಾಹ್ಯಾಕಾಶ ನೌಕೆಯ ನಾಯಕ. ಕಾಲ 2073, 2084, 2093. ಸಂಗೀತಕ್ಕೆ ಆಗ ಜನಾಂಗ ಇರುವುದಿಲ್ಲ, ಬಾಹ್ಯಾಕಾಶ ಮಾತ್ರ ಇರುತ್ತದೆ ಎನ್ನುತ್ತಾನೆ. ಹೊಸ ಜನ್ಮದಲ್ಲಿ ಸಿಕ್ಕ ಹೆಣ್ಣನ್ನು ಮತ್ತೆ ಒಲಿಸಿಕೊಳ್ಳಲು ನೋಡುತ್ತಾನೆ. ಇಡೀ ಆಲ್ಬಂನಲ್ಲಿ ಡಿಸ್ಕೋ ಅಂಗಳಕ್ಕೆ ಹತ್ತಿರ ಬರುವುದು ಇದೊಂದೇ, ಆದ್ದರಿಂದ ಕಂಪನಿ ಇದನ್ನೇ ಸಿಂಗಲ್, ಅಂದರೆ ಬಿಡಿ ಹಾಡಾಗಿ ಬಿಡುಗಡೆ ಮಾಡಿತು. ಆರ್ ಆ್ಯಂಡ್ ಬಿ, ಅಂದರೆ ಕಪ್ಪು ಅಮೆರಿಕನ್ನರ ಜನಪ್ರಿಯ ಸಂಗೀತದ ಮಾರಾಟ ಪಟ್ಟಿಯಲ್ಲಿ 23ನೇ ಸ್ಥಾನಕ್ಕೆ ಬಂದು ನಿಂತಿತು. ಇದು ಆಲ್ಬಂಗೆ ಹೊಂದುವುದಿಲ್ಲ ಎನ್ನುವವರಿದ್ದಾರೆ. ವಿಚ್ಛೇದನದ ಕಾಗದಪತ್ರಗಳಿಂದ ನೂರು ವರ್ಷ ದೂರ ಓಡಿಹೋಗಬೇಕೆನ್ನಿಸುವುದು ನನಗಂತೂ ಸಹಜವಾಗಿ ಕಾಣುತ್ತದೆ. ಆದರೆ ಹಾಡು ಮುಗಿದ ಕೂಡಲೇ ಭೂಮಿಗೆ ಎಳೆದು ತರುತ್ತಾನೆ: ‘ಯು ಕ್ಯಾನ್ ಲೀವ್, ಬಟ್ ಇಟ್ಸ್ ಗೋಯಿಂಗ್ ಟು ಕಾಸ್ಟ್ ಯು’. ಬಿಟ್ಟುಹೋಗು, ಆದರೆ ಅದರ ಬೆಲೆ ತೆರಬೇಕಾಗುತ್ತದೆ. ಇದು ಆ್ಯನಾ ಹೇಳಿದ ಮಾತು ಎಂದು ಹಾಡು ಹೇಳುತ್ತದೆ. ಅವಳ ಮಾತನ್ನೂ ನಾವು ಎದುರು ಕಕ್ಷಿಯ ಬಾಯಲ್ಲೇ ಕೇಳಬೇಕು.

ಆಲ್ಬಂನ ಹೊದಿಕೆಯ ಬಗ್ಗೆ ಎರಡು ಮಾತು. ಮುಂಭಾಗದ ಚಿತ್ರದಲ್ಲಿ ಮಾರ್ವಿನ್ ರೋಮನ್ನರಂತೆ ನಿಲುವಂಗಿ ತೊಟ್ಟು ನಿಂತಿದ್ದಾನೆ. ನಿಜವಾದ ಚಿತ್ರ ಒಳಪುಟದಲ್ಲಿದೆ. ಮನೆ, ಜಾಗ ಕೊಂಡು ಮಾರುವ ‘ಮೊನೊಪೊಲಿ’ ಆಟದ ಹಲಗೆಯಂಥ ಒಂದು ಹಲಗೆ. ಅದರ ಮೇಲೆ ‘ತೀರ್ಪು’ ಎಂದು ಬರೆದಿದೆ. ಒಂದು ಕಡೆಯಿಂದ ಗಂಡಸಿನ ಕೈ ಚಾಚಿ, ಎದುರಿನ ಹೆಂಗಸಿನ ಕೈಗೆ ರೆಕಾರ್ಡ್ ಒಂದನ್ನು ಕೊಡುತ್ತಿದೆ. ಇಷ್ಟು ರಾಜಾರೋಷವಾಗಿ ಕಹಿ ಕಾರುವ ಹೊದಿಕೆಯನ್ನು ನಾನು ಬೇರೆ ಕಂಡಿಲ್ಲ. ಹುಡುಗಾಟಿಕೆಯೂ ಇದೆ, ಒಪ್ಪಬೇಕು.

ಜನ ಒಪ್ಪಲಿಲ್ಲ. ಆಲ್ಬಂ ಆರ್ ಆ್ಯಂಡ್ ಬಿ ಪಟ್ಟಿಯಲ್ಲಿ 4ನೇ ಸ್ಥಾನದವರೆಗೆ ಹೋಯಿತು, ಮುಖ್ಯ ಪಟ್ಟಿಯಲ್ಲಿ 26ಕ್ಕೆ ನಿಂತಿತು. ಅವನ ಮಟ್ಟಕ್ಕೆ ಅದು ಸೋಲು. ವಿಮರ್ಶಕರಲ್ಲಿ ಹಲವರು ಮೂಗು ಮುರಿದರು. ಕುಣಿಯಲು ಬಂದವನಿಗೆ ಯಾರದೋ ಮನೆಯ ಜಗಳ ಏಕೆ? ಖಾಸಗಿ ಬದುಕನ್ನು ಬೀದಿಗೆ ತಂದದ್ದಕ್ಕೆ ಮೊಕದ್ದಮೆ ಹೂಡುವ ಯೋಚನೆ ಆ್ಯನಾಗೆ ಬಂದಿತ್ತು, ಹೂಡಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವ ಕಥೆ. 1977ರ ಅಕ್ಟೋಬರ್‌ನಲ್ಲೇ ಮಾರ್ವಿನ್ ಜ್ಯಾನಿಸ್‌ಳನ್ನು ಮದುವೆಯಾಗಿದ್ದ; ಆಲ್ಬಂನ ಕೊನೆಯ ಭಾಗದ ‘ಫಾಲಿಂಗ್ ಇನ್ ಲವ್ ಅಗೇನ್’ ಅವಳಿಗಾಗಿ. ಆ ಮದುವೆಯೂ ಬಾಳಲಿಲ್ಲ. ಹಣದ ಮುಗ್ಗಟ್ಟಿನಲ್ಲಿ ಸನ್‌ಸೆಟ್ ಬುಲೆವಾರ್ಡ್‌ನ ಸ್ಟುಡಿಯೋ ಕೈತಪ್ಪಿತು. ಹವಾಯಿ, ಲಂಡನ್, ಬೆಲ್ಜಿಯಂನ ಕಡಲ ಊರು ಓಸ್ಟೆಂಡ್ ಎಂದು ಅಲೆದ. ಮೋಟೌನ್ ಬಿಟ್ಟು 1982ರಲ್ಲಿ ‘ಸೆಕ್ಷುಯಲ್ ಹೀಲಿಂಗ್’ ಹಾಡಿನಿಂದ ಮತ್ತೆ ಎದ್ದು ನಿಂತ. 1984ರ ಏಪ್ರಿಲ್ 1ರಂದು, ನಲವತ್ತೈದು ತುಂಬಲು ಒಂದು ದಿನ ಇರುವಾಗ, ಮನೆಯಲ್ಲಿ ನಡೆದ ಜಗಳದಲ್ಲಿ ಹೆತ್ತ ತಂದೆಯೇ ಗುಂಡಿಟ್ಟು ಕೊಂದ. ಆ ಸಾವಿನ ನೆರಳಿನಲ್ಲಿ ಈ ಆಲ್ಬಂ ಅನ್ನು ಕೇಳುವುದು ಈಗ ರೂಢಿಯಾಗಿದೆ. ಅದರಿಂದ ಇದಕ್ಕೆ ಬಂದ ಗೌರವ ಸ್ವಲ್ಪ ಅಗ್ಗದ್ದು. ಸಾವು ಇಲ್ಲದಿದ್ದರೂ ಇದು ನಿಲ್ಲುತ್ತಿತ್ತು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಯುವಕರು ರಾಬಿನ್ ಥಿಕ್ 2013ರಲ್ಲಿ ಹಾಡಿದ ‘ಬ್ಲರ್ಡ್ ಲೈನ್ಸ್’ನ ಮೊಕದ್ದಮೆಯ ಬಗ್ಗೆ ಕೇಳಿದರು. ಹೌದು, ಆ ಹಾಡು ‘ಗಾಟ್ ಟು ಗಿವ್ ಇಟ್ ಅಪ್’ನ ನಕಲು ಎಂದು ಮಾರ್ವಿನ್‌ನ ಮಕ್ಕಳು ಹೋರಾಡಿದರು, 2015ರಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತು. ತಾಳದ ಬನಿಯನ್ನು, ಪಾರ್ಟಿಯ ಗದ್ದಲವನ್ನು ಒಬ್ಬರ ಆಸ್ತಿ ಎನ್ನಬಹುದೇ ಎಂಬುದು ನನಗೆ ಇಂದಿಗೂ ಸಂಶಯವೇ. ಅರ್ಧ ಅಣಕವಾಗಿ ಮಾಡಿದ ಹಾಡು ಮಕ್ಕಳಿಗೆ ಲಕ್ಷಗಟ್ಟಲೆ ಡಾಲರ್ ತಂದುಕೊಟ್ಟಿತು, ಎದೆ ಬಗೆದು ಹಾಡಿದ್ದು ಅಂದು ಮಾರಾಟವಾಗಲಿಲ್ಲ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು, ನೀವು ಇಷ್ಟೆಲ್ಲ ಹೊಗಳುತ್ತೀರಿ, ಆ ಹೆಣ್ಣುಮಗಳಿಗೆ ಇದು ಅನ್ಯಾಯವಲ್ಲವೇ ಎಂದರು. ಅನ್ಯಾಯವೇ ಅಮ್ಮಾ. ಆರು ಲಕ್ಷ ಡಾಲರಿನ ಜತೆಗೆ ಜಗತ್ತಿನ ಮುಂದೆ ಬೈಸಿಕೊಳ್ಳಬೇಕೆಂದು ಯಾವ ಒಪ್ಪಂದದಲ್ಲೂ ಬರೆದಿರಲಿಲ್ಲ. ಅದಕ್ಕೇ ನಾನು ಯಾರಿಗಾದರೂ ಈ ಆಲ್ಬಂ ಕೇಳಲು ಹೇಳುವಾಗ, ಅದಕ್ಕೂ ಮೊದಲು 1973ರ ‘ಲೆಟ್ಸ್ ಗೆಟ್ ಇಟ್ ಆನ್’ ಆಲ್ಬಂನ ಕೊನೆಯ ಹಾಡನ್ನು ಕೇಳಿ ಎನ್ನುತ್ತೇನೆ. ‘ಜಸ್ಟ್ ಟು ಕೀಪ್ ಯು ಸ್ಯಾಟಿಸ್‌ಫೈಡ್’ ಎಂದು ಅದರ ಹೆಸರು. ಅದೂ ಮದುವೆಯೊಂದು ಮುಗಿಯುತ್ತಿರುವ ಹಾಡು, ಹಾಡುವವನೂ ಇವನೇ. ಆದರೆ ಅದನ್ನು ಬರೆದವರ ಪಟ್ಟಿಯಲ್ಲಿ ಆ್ಯನಾ ಗೋರ್ಡಿ ಗೇ ಹೆಸರೂ ಇದೆ.